ಸುರಪುರದ ಗುಡ್ಡದ ಮೇಲಿನ ಚಿತ್ರಕಾರ

ಏಷ್ಯ ಖಂಡದ ಕಡಲ ದಂಡೆಗಳಲ್ಲಿ ಯುರೋಪಿನವರು ಕಟ್ಟಿದ ಪಟ್ಟಣಗಳ ಹಳೆಯ ಚಿತ್ರಗಳನ್ನು ನಮ್ಮಲ್ಲಿ ಅನೇಕರು ಪಠ್ಯಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳ ಗೋಡೆಗಳ ಮೇಲೆ ನೋಡಿರಬಹುದು. ಕಲ್ಕತ್ತೆಯ ಹೂಗ್ಲಿ ನದಿಯ ದಂಡೆ, ಮದರಾಸಿನ ಸೇಂಟ್ ಜಾರ್ಜ್ ಕೋಟೆ, ಮುಂಬಯಿಯ ಬಂದರು, ಜಾವಾ ದ್ವೀಪದಲ್ಲಿ ಡಚ್ಚರು ಕಟ್ಟಿದ ಬಟೇವಿಯ ಇವೆಲ್ಲವೂ ಚಿತ್ರಕಾರರ ಕೈಗೆ ಸಿಕ್ಕಿವೆ. ಡೆನ್ಮಾರ್ಕಿನಲ್ಲಿ 1720ರಲ್ಲಿ ಹುಟ್ಟಿದ ಯೋಹಾನೆಸ್ ರಾಕ್ ಎಂಬವನು ಬಟೇವಿಯದ ಮನೆ, ಚರ್ಚು, ಕಾಲುವೆಗಳನ್ನು ಒಂದೊಂದಾಗಿ ಬರೆದಿಟ್ಟು 1783ರಲ್ಲಿ ಅಲ್ಲಿಯೇ ತೀರಿಕೊಂಡನು. 1786ರಲ್ಲಿ ಕಲ್ಕತ್ತೆಗೆ ಬಂದಿಳಿದ ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ಡೇನಿಯಲ್ ಮೊದಲು ಆ ನಗರದ ನೋಟಗಳನ್ನು ಅಚ್ಚು ಹಾಕಿ ಮಾರಿದರು. ಅನಂತರ ದೇಶವನ್ನೆಲ್ಲ ಸುತ್ತಿ 1795ರಿಂದ 1808ರ ವರೆಗೆ 144 ವರ್ಣಚಿತ್ರಗಳನ್ನು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟಿಸಿದರು.

ಈ ಚಿತ್ರಗಳಿಗೆಲ್ಲ ಒಂದು ಸಾಮಾನ್ಯ ಲಕ್ಷಣವಿದೆ. ನಡುವೆ ಬಿಳಿಯ ಕಂಬಗಳ ಭವ್ಯವಾದ ಕಟ್ಟಡ. ಒಂದು ಪಕ್ಕದಲ್ಲಿ ನೆರಳು ಚೆಲ್ಲುವ ಮರ. ಹಿಂದೆ ನೀರು ಮತ್ತು ಹಡಗಿನ ಪಟಗಳು. ಮುಂದುಗಡೆ ಬರಿಗಾಲಿನ ನಾಲ್ಕಾರು ಜನ, ಒಂದು ಪಲ್ಲಕ್ಕಿ, ಒಂದು ಎತ್ತಿನ ಬಂಡಿ. ಆ ಜನ ಯಾರೆಂದು ಚಿತ್ರ ಹೇಳುವುದಿಲ್ಲ. ಕಟ್ಟಡ ಎಷ್ಟು ದೊಡ್ಡದು ಎಂದು ತಿಳಿಯಲಿ ಎಂಬುದಕ್ಕಾಗಿ ಅವರನ್ನು ಅಲ್ಲಿ ನಿಲ್ಲಿಸಿರುತ್ತಾರೆ. ಅಳತೆಗೋಲಿನ ಕೆಲಸವನ್ನು ಮನುಷ್ಯರಿಂದ ಮಾಡಿಸಿದ ಚಿತ್ರಗಳಿವು ಎಂದರೆ ಕಠಿಣವಾದ ಮಾತಾದೀತು; ಆದರೆ ಸುಳ್ಳಲ್ಲ. ದೂರದ ಲಂಡನ್ನಿನಲ್ಲಿ ಇವುಗಳನ್ನು ಕೊಂಡವರಿಗೆ, ತಮ್ಮವರು ಪರದೇಶದ ಮರಳಿನ ಮೇಲೆ ಸ್ಥಿರವಾಗಿ ನೆಲೆಯೂರಿದ್ದಾರೆ ಎಂಬ ನೆಮ್ಮದಿಯನ್ನು ಈ ಹಾಳೆಗಳು ಕೊಡುತ್ತಿದ್ದವು.

ಕರಾವಳಿಯ ಈ ಚಿತ್ರಗಳ ಬಗೆಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಕಡಲಿನಿಂದ ಬಹುದೂರ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ನಮ್ಮ ಈ ಕಲ್ಲುಗುಡ್ಡಗಳ ಸೀಮೆಯಲ್ಲಿಯೂ ಅಂತಹ ಒಬ್ಬ ಚಿತ್ರಕಾರ ಇದ್ದನೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವನನ್ನು ನಾವು ಕಾದಂಬರಿಕಾರನೆಂದು ಬಲ್ಲೆವು, ಆಡಳಿತಗಾರನೆಂದು ಬಲ್ಲೆವು. ಅವನು ಫಿಲಿಪ್ ಮೆಡೋಸ್ ಟೇಲರ್. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲೂಕುಗಳು ಬಹುಕಾಲ ಗುಲಬರ್ಗಾ ಜಿಲ್ಲೆಗೆ ಸೇರಿದ್ದು, 2009ರ ಡಿಸೆಂಬರಿನಲ್ಲಿ ಯಾದಗಿರಿ ಎಂಬ ಪ್ರತ್ಯೇಕ ಜಿಲ್ಲೆಯಾದುದನ್ನು ತಾವೆಲ್ಲ ಬಲ್ಲಿರಿ. ಈ ಸೀಮೆಯನ್ನು ಪೆನ್ಸಿಲು ಹಿಡಿದು ನೋಡಿದ ಮೊದಲಿಗರಲ್ಲಿ ಟೇಲರನೂ ಒಬ್ಬ. ಕರಾವಳಿಯ ಚಿತ್ರಕಾರರಿಗೂ ಇವನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅವರು ಇತರರು ಕಟ್ಟಿದ್ದನ್ನು ಬರೆದು ಹಡಗು ಹತ್ತಿದರು. ಟೇಲರನು ಇಲ್ಲಿ ಬರೆದನು, ತಾನೇ ಕಟ್ಟಿದನು, ತಾನೇ ಆಳಿದನು. ಹೀಗಾಗಿ ಅವನ ಚಿತ್ರವನ್ನು ಅವನ ಆಡಳಿತದಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ. ಇಂದಿನ ಮಾತಿನಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಒಂದು ಸಂಗತಿಯನ್ನೇ.

ಟೇಲರನು ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಹದಿನೈದರ ಎಳೆಯ ವಯಸ್ಸಿನಲ್ಲಿ, 1824ರಲ್ಲಿ, ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸ ಕಲಿಯಲೆಂದು ಅವನನ್ನು ಹಡಗು ಹತ್ತಿಸಿದರು. ಬಂದು ನೋಡಿದರೆ ಆ ವ್ಯಾಪಾರ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬರ ನೆರವಿನಿಂದ ಅದೇ ವರ್ಷ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಅವನಿಗೊಂದು ಹುದ್ದೆ ದೊರೆಯಿತು. ಈ ಸಂಗತಿ ಮುಖ್ಯವಾದುದು. ಟೇಲರನು ಈಸ್ಟ್ ಇಂಡಿಯಾ ಕಂಪನಿಯ ನೇರ ನೌಕರನಾಗಿ ಬಂದವನಲ್ಲ. ನಿಜಾಮರ ಉಪ್ಪು ತಿಂದು ಬೆಳೆದವನು. ಶಾಲೆಯ ಓದು ಅರ್ಧಕ್ಕೇ ನಿಂತುಹೋಗಿದ್ದ ಆ ಹುಡುಗ ಹಿಂದುಸ್ತಾನಿ ಕಲಿತನು. ಭೂಮಾಪನ, ಕಾನೂನು, ಭೂಗರ್ಭಶಾಸ್ತ್ರ, ಸಸ್ಯಶಾಸ್ತ್ರಗಳನ್ನು ಸ್ವಂತ ಪ್ರಯತ್ನದಿಂದ ಅಭ್ಯಾಸ ಮಾಡಿದನು. ಹೋದಲ್ಲೆಲ್ಲ ಚಿತ್ರ ಬರೆಯುವುದು ಅವನ ಹವ್ಯಾಸವಾಗಿತ್ತು. ದಖ್ಖನಿನಲ್ಲಿ ಅವನು ಬರೆದ ಚಿತ್ರಗಳು 1837ರಲ್ಲಿ ಲಂಡನ್ನಿನಲ್ಲಿ ಕಲ್ಲಚ್ಚಿನ ಸಂಪುಟವಾಗಿ ಹೊರಬಂದವು. ಠಕ್ಕರನ್ನು ಕುರಿತ ಅವನ ಪ್ರಸಿದ್ಧ ಕಾದಂಬರಿ ಪ್ರಕಟವಾದುದು 1839ರಲ್ಲಿ. ಎಂದರೆ, ಟೇಲರನು ಜಗತ್ತಿಗೆ ಲೇಖಕನೆಂದು ಪರಿಚಿತನಾಗುವ ಮೊದಲೇ ಚಿತ್ರಕಾರನೆಂದು ಪರಿಚಿತನಾಗಿದ್ದನು.

ಅವನು ಸುರಪುರಕ್ಕೆ ಬಂದುದು 1841ರಲ್ಲಿ. ಆಗಿನ ಸುರಪುರವೆಂದರೆ ಸಾಮಾನ್ಯ ಊರಲ್ಲ. ಬೇಡ ನಾಯಕರ ಆ ಸಂಸ್ಥಾನದ ಹೆಸರು ದಿಲ್ಲಿಯ ವರೆಗೆ ಕೇಳಿಸಿತ್ತು. 1705ರಲ್ಲಿ ವೃದ್ಧನಾದ ಔರಂಗಜೇಬನು ತಾನೇ ಸೈನ್ಯದೊಂದಿಗೆ ಬಂದು ವಾಗಿನಗೇರಿಯ ಕೋಟೆಗೆ ಮುತ್ತಿಗೆ ಹಾಕಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಬರಿದಾದ ಕೋಟೆಯನ್ನು ಹಿಡಿದನು. ಅವನ ಜೀವಿತದ ಕಡೆಯ ಮುತ್ತಿಗೆ ಅದೇ. ಕೋಟೆ ಹೋದರೂ ನಾಯಕರು ಹೋಗಲಿಲ್ಲ. ಸುತ್ತಲೂ ಬಂಡೆಗಳ ಕಾವಲಿರುವ ಸುರಪುರದಲ್ಲಿ ನೆಲೆನಿಂತು ವೇಣುಗೋಪಾಲಸ್ವಾಮಿಯ ಹೆಸರಿನಲ್ಲಿ ರಾಜ್ಯವಾಳಿದರು. ಆದರೆ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ನಿಜಾಮರಿಗೆ ಸಲ್ಲಬೇಕಾದ ಕಪ್ಪದ ಬಾಕಿ ಮತ್ತು ಸಾಲ ಸಂಸ್ಥಾನದ ಕುತ್ತಿಗೆಗೆ ಸುತ್ತಿಕೊಂಡಿದ್ದವು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮ ಒಂದು ಕಡೆ, ಬಾಲಕನ ಚಿಕ್ಕಪ್ಪ ಪಿಡ್ಡ ನಾಯಕ ಇನ್ನೊಂದು ಕಡೆ. ಈ ಇಕ್ಕಟ್ಟಿನಲ್ಲಿ ಹೈದರಾಬಾದಿನ ರೆಸಿಡೆಂಟನು ಟೇಲರನನ್ನು ಇಲ್ಲಿಗೆ ಕಳಿಸಿದನು. ಬಾಲರಾಜನು ಪ್ರಾಯಕ್ಕೆ ಬರುವ ವರೆಗೆ, 1853ರ ತನಕ, ಸಂಸ್ಥಾನದ ಆಡಳಿತ ಟೇಲರನ ಕೈಯಲ್ಲಿದ್ದಿತು.

ಸುರಪುರದ ಗುಡ್ಡವೊಂದರ ಮೇಲೆ ಅವನು ಕಟ್ಟಿಸಿದ ಮನೆ ಇಂದಿಗೂ ಇದೆ. ಜನ ಅದನ್ನು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ಬಹುಕಾಲ ಅದು ಸರಕಾರದ ಅತಿಥಿಗೃಹವಾಗಿ ಬಳಕೆಯಲ್ಲಿತ್ತು. ಕಲ್ಕತ್ತೆ, ಮದರಾಸುಗಳ ಬಿಳಿಯ ಭವನಗಳ ಮುಂದೆ ಇದು ಚಿಕ್ಕ ಕಟ್ಟಡ. ಆದರೆ ಕುಲ ಅದೇ. ಬಂಗಲೆ ಎಂಬ ಮಾತು ಬಂಗಾಳದ ಹುಲ್ಲಿನ ಮನೆಯ ಹೆಸರಿನಿಂದ ಬಂದದ್ದು. ಆ ಬಡ ಮನೆಯ ಇಳಿಜಾರು ಮಾಡನ್ನೂ ಜಗಲಿಯನ್ನೂ ಎರವಲು ಪಡೆದ ಯುರೋಪಿನವರು ದಪ್ಪ ಗೋಡೆ, ಎತ್ತರದ ಚಾವಣಿ, ಗಾಳಿಗೆದುರಾದ ಬಾಗಿಲುಗಳನ್ನು ಸೇರಿಸಿ, ಕರಾವಳಿಯಿಂದ ಒಳನಾಡಿನ ವರೆಗೆ ಅದನ್ನು ಹಬ್ಬಿಸಿದರು. ನಮ್ಮ ಊರುಗಳಲ್ಲಿ ಮನೆಗೆ ಮನೆ ತಾಗಿರುತ್ತದೆ, ಗೋಡೆ ಇಬ್ಬರದಾಗಿರುತ್ತದೆ, ಕಟ್ಟೆಯ ಮೇಲೆ ಕುಳಿತವನ ಮಾತು ಬೀದಿಗೆ ಕೇಳಿಸುತ್ತದೆ. ಬಂಗಲೆಯ ಮೊದಲ ನಿಯಮವೆಂದರೆ ಸುತ್ತಲೂ ಬರಿದು ಜಾಗವಿರಬೇಕು. ಎರಡನೆಯದು, ಅಲ್ಲಿ ನಿಂತರೆ ಊರು ಕಾಣಬೇಕು.

ಸುರಪುರದಲ್ಲಿ ಈ ಎರಡನೆಯ ನಿಯಮಕ್ಕೆ ವಿಶೇಷವಾದ ಅರ್ಥವಿದೆ. ಅರಮನೆಯೂ ಗೋಪಾಲಸ್ವಾಮಿಯ ಗುಡಿಯೂ ಗುಡ್ಡಗಳ ಮಡಿಲಲ್ಲಿ ಕುಳಿತಿವೆ. ವೈರಿಯ ಕಣ್ಣಿಗೆ ಬೀಳದಿರುವುದೇ ಅವುಗಳ ಬಲ. ಟೇಲರನ ಮನೆಯಾದರೋ ಎತ್ತರದಲ್ಲಿ ನಿಂತು ಎಲ್ಲವನ್ನೂ ನೋಡುತ್ತದೆ, ಎಲ್ಲರಿಗೂ ಕಾಣುತ್ತದೆ. ನಾಯಕರು ಬಂಡೆಯನ್ನು ಮರೆಯಾಗಿ ಬಳಸಿದರು. ಟೇಲರನು ಅದನ್ನು ಪೀಠವಾಗಿ ಬಳಸಿದನು. ಇದರಲ್ಲಿ ಗಾಳಿಯ ಅನುಕೂಲವೂ ಇದ್ದೀತು, ಚಿತ್ರಕಾರನ ನೋಟದ ಆಸೆಯೂ ಇದ್ದೀತು. ಆದರೆ ನೋಟ ಸಿಗುವ ಜಾಗವನ್ನು ಹುಡುಕಿ ಕೂಡುವ ಅಭ್ಯಾಸ ಚಿತ್ರ ಬರೆಯುವವನಿಗೂ ಆಳುವವನಿಗೂ ಸಮಾನವಾದುದೆಂಬುದನ್ನು ಆ ಮನೆ ಇಂದಿಗೂ ತೋರಿಸಿಕೊಡುತ್ತದೆ.

ಟೇಲರನಿಗೆ ಸಲ್ಲಬೇಕಾದ ನ್ಯಾಯ ಸಲ್ಲಲೇಬೇಕು. ಅವನು ಬರಿದೆ ನೋಡುತ್ತ ಕುಳಿತವನಲ್ಲ. ಹದಿನೇಳನೆಯ ಶತಮಾನದಲ್ಲಿ ಸುರಪುರದ ಅರಸ ಪಾಮ ನಾಯಕರು ಕಟ್ಟಿಸಿದ ಬೋನಾಳದ ಕೆರೆಯನ್ನು ಅವನು ದುರಸ್ತಿ ಮಾಡಿಸಿದನು. ಇಂದು ಅದು ಪಕ್ಷಿಧಾಮ; ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಕಂದಾಯದ ಲೆಕ್ಕವನ್ನು ಅವನು ಸರಿಪಡಿಸಿದನು. ಸುರಪುರದ ವರ್ಷಗಳಲ್ಲಿಯೇ ಪತ್ನಿಯನ್ನು ಕಳೆದುಕೊಂಡು, ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು, ಒಂಟಿಯಾಗಿದ್ದ ಈ ಮನುಷ್ಯ ತನ್ನ ಬಿಡುವಿನ ಹೊತ್ತನ್ನೆಲ್ಲ ಸುತ್ತಲಿನ ನೆಲವನ್ನು ತಿಳಿಯುವುದರಲ್ಲಿ ಕಳೆದನು. ಅವನ ಚಿತ್ರಕಲೆ ಹವ್ಯಾಸದ ಮಟ್ಟವನ್ನು ಮೀರಿ ವಿದ್ಯೆಯಾದುದು ಇಲ್ಲಿಯೇ.

ಶಹಾಪುರದ ಹತ್ತಿರ ವಿಭೂತಿಹಳ್ಳಿ ಎಂಬ ಊರಿದೆ. ಅಲ್ಲಿಯ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಮಾನವಾದ ಅಂತರ ಬಿಟ್ಟು, ಸಾಲು ಹಿಡಿದು, ಯಾರೋ ಜೋಡಿಸಿಟ್ಟಿದ್ದಾರೆ. ಕೆಲವು ಕಲ್ಲುಗಳನ್ನು ಉರುಳಿಸಲು ಹತ್ತಾರು ಆಳು ಬೇಕು. ಆ ಸಾಲುಗಳ ನಡುವೆ ನಿಂತವನಿಗೆ ಇದು ಪ್ರಕೃತಿಯ ಆಟವಲ್ಲ, ಮನುಷ್ಯನ ಮನಸ್ಸಿನ ಕೆಲಸ ಎಂದು ಯಾರೂ ಹೇಳಿಕೊಡಬೇಕಾದುದಿಲ್ಲ. ನಾನು ಅಲ್ಲಿ ನಿಂತಾಗ ನನಗಾದ ಅನುಭವವೂ ಅದೇ. ಸುರಪುರದ ಸೀಮೆಯ ರಾಜನಕೋಳೂರಿನಲ್ಲಿ ಇನ್ನೊಂದು ಬಗೆಯ ಕಲ್ಲುಗಳಿವೆ: ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಭಾರಿ ಚಪ್ಪಡಿ ಹೊದಿಸಿದ ಕಲ್ಮನೆಗಳು. ನಮ್ಮ ಜನ ಅವುಗಳನ್ನು ಮೋರಿಯರ ಮನೆಗಳೆಂದು ಕರೆಯುತ್ತ ಬಂದಿದ್ದಾರೆ. ಮೋರಿಯರು ಕುಳ್ಳರು, ಮೂರು ಗೇಣಿನ ಮನುಷ್ಯರು, ಹಿಂದಿನ ಕಾಲದಲ್ಲಿ ಇಲ್ಲಿ ವಾಸವಾಗಿದ್ದವರು ಎಂಬುದು ಅಜ್ಜಿಯರ ಕಥೆ. ಜೇವರ್ಗಿಯ ಬಳಿ ಭೀಮೆಯ ಕಡೆಗೆ ಕಲ್ಲಿನ ಬಳೆಗಳಂತೆ ಸುತ್ತುಗಟ್ಟಿದ ಗೋರಿಗಳಿವೆ.

1850ರ ಸುಮಾರಿನಲ್ಲಿ ಟೇಲರನು ಇವೆಲ್ಲವನ್ನೂ ನೋಡಿದನು, ಎಣಿಸಿದನು, ಅಳೆದನು, ಬರೆದನು. ಕೆಲವನ್ನು ಅಗೆಸಿದನು. ಅವನ ಬರಹಗಳು ಮೊದಲು ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1851 ಮತ್ತು 1853ರಲ್ಲಿ ಅಚ್ಚಾದವು. ಊರಿಗೆ ಮರಳಿ ಡಬ್ಲಿನ್ನಿನಲ್ಲಿ ನೆಲಸಿದ ಬಳಿಕ, 1862ರಲ್ಲಿ, ಐರ್ಲೆಂಡಿನ ರಾಯಲ್ ಅಕಾಡೆಮಿಯ ಮುಂದೆ ಅವುಗಳನ್ನು ಚಿತ್ರಸಹಿತ ವಿಸ್ತಾರವಾಗಿ ಮಂಡಿಸಿದನು.

ಈ ಚಿತ್ರಗಳಲ್ಲಿ ಒಂದು ವಿಶೇಷವಿದೆ. ಡೇನಿಯಲ್ಲರ ಚಿತ್ರದಲ್ಲಿ ನೋಡುವವನು ಕಟ್ಟಡದ ಎದುರು ನಿಂತಿರುತ್ತಾನೆ. ಕಟ್ಟಡ ಸುಂದರವಾಗಿ ಕಾಣುವ ಕಡೆಯಿಂದ ನೋಡುತ್ತಾನೆ. ಟೇಲರನು ಜೇವರ್ಗಿಯ ಗೋರಿಯನ್ನು ಹಾಗೆ ಬರೆಯಲಿಲ್ಲ. ರೊಟ್ಟಿಯನ್ನು ನಡುವೆ ಮುರಿದರೆ ಒಳಗಿನ ಪದರ ಕಾಣುವಂತೆ, ನೆಲವನ್ನು ಮೇಲಿನಿಂದ ಕೆಳಕ್ಕೆ ಸೀಳಿ, ಆ ಸೀಳಿದ ಮುಖವನ್ನು ಬರೆದನು. ಮೇಲೆ ಕಲ್ಲಿನ ರಾಶಿ, ಅದರ ಕೆಳಗೆ ಮಣ್ಣಿನ ಒಂದೊಂದು ಪದರ, ಕೆಳಗೆ ಚಪ್ಪಡಿಯ ಪೆಟ್ಟಿಗೆ, ಅದರಲ್ಲಿ ಎಲುಬು, ಮಡಕೆ, ಕಬ್ಬಿಣದ ತುಂಡು ಎಂದು ಯಾವುದು ಯಾವ ಆಳದಲ್ಲಿ ದೊರೆಯಿತೋ ಅಲ್ಲಿಯೇ ಗುರುತು ಹಾಕಿದನು. ಇಂದು ಪುರಾತತ್ವದ ವಿದ್ಯಾರ್ಥಿ ಮೊದಲ ವರ್ಷ ಕಲಿಯುವ ಪಾಠ ಇದು. ಆದರೆ ಆ ಕಾಲದಲ್ಲಿ ಯುರೋಪಿನಲ್ಲಿಯೇ ಗೋರಿಗಳನ್ನು ಅಗೆದವರಲ್ಲಿ ಬಹುಮಂದಿ ನಿಧಿಗಾಗಿ, ಚೆಂದದ ವಸ್ತುವಿಗಾಗಿ ಅಗೆಯುತ್ತಿದ್ದರು. ಪದರದ ಲೆಕ್ಕ ಅವರಿಗೆ ಬೇಕಿರಲಿಲ್ಲ. ನೂರು ವರ್ಷಗಳ ಬಳಿಕ, ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, 1954ರಲ್ಲಿ ಪ್ರಕಟವಾದ ತಮ್ಮ ಪುರಾತತ್ವದ ಕೈಪಿಡಿಯಲ್ಲಿ ಟೇಲರನ ಈ ಸೀಳುಚಿತ್ರವನ್ನು ಮತ್ತೆ ಅಚ್ಚು ಹಾಕಿ, ಕಾಲಕ್ಕಿಂತ ಮುಂದಿದ್ದ ಕೆಲಸವೆಂದು ಗೌರವಿಸಿದರು. ಹೈದರಾಬಾದಿನ ಪುರಾತತ್ವ ಇಲಾಖೆಯ ಗುಲಾಂ ಯಜ್ದಾನಿಯವರು ಟೇಲರನ ಈ ಲೇಖನಗಳನ್ನು ಒಟ್ಟುಗೂಡಿಸಿ 1941ರಲ್ಲಿ ಪುನಃ ಪ್ರಕಟಿಸಿದ್ದರು.

ಹಾಗಾದರೆ ಅವನ ಕಣ್ಣು ದೋಷವಿಲ್ಲದ ಕಣ್ಣಾಗಿತ್ತೇ? ಹಾಗೆ ಹೇಳಲು ಬಾರದು. ರಾಜನಕೋಳೂರಿನ ಕಲ್ಮನೆಯನ್ನು ನೋಡಿದ ಕೂಡಲೆ ಅವನ ನೆನಪಿಗೆ ಬಂದುದು ತನ್ನ ನಾಡಿನ, ಐರ್ಲೆಂಡ್ ಮತ್ತು ಬ್ರಿಟನ್ನಿನ ಅಂತಹವೇ ಕಲ್ಲುಗಳು. ಆದ್ದರಿಂದ ಇವೂ ಅವರದೇ ಬಳಗದ ಕೆಲಸ, ಕೆಲ್ಟರದು ಇಲ್ಲವೆ ಸಿಥಿಯನ್ನರದು ಎಂದು ಅವನು ಬಗೆದನು. ತಲೆ ಬೇರೆಯಾಗಿದ್ದ ಎಲುಬಿನ ಹಂದರಗಳನ್ನು ಕಂಡು ನರಬಲಿಯೆಂದನು. ದಕ್ಷಿಣ ಭಾರತದ ಕಬ್ಬಿಣ ಯುಗದ ಜನರೇ, ಎರಡು ಮೂರು ಸಾವಿರ ವರ್ಷಗಳ ಹಿಂದೆ, ತಮ್ಮ ಸತ್ತವರಿಗಾಗಿ ಇವುಗಳನ್ನು ಎತ್ತಿದರೆಂದೂ, ದೇಹ ಕರಗಿದ ಮೇಲೆ ಎಲುಬುಗಳನ್ನು ಆಯ್ದು ಹೂಳುವ ಪದ್ಧತಿ ಅವರಲ್ಲಿತ್ತೆಂದೂ ಇಂದಿನ ವಿದ್ವಾಂಸರು ಹೇಳುತ್ತಾರೆ. 1956ರಲ್ಲಿ ರೇಮಂಡ್ ಆಲ್ಚಿನ್ ಈ ಸೀಮೆಯ ಕಲ್ಲುಸಾಲುಗಳನ್ನು ಕುರಿತು ಬರೆದರು. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿಯ ಕಣಿವೆಯಲ್ಲಿ ದಶಕಗಳ ಕಾಲ ದುಡಿದು, ಇಲ್ಲಿಯ ಮನುಷ್ಯನ ಕಥೆಯನ್ನು ಇನ್ನೂ ಬಹಳ ಹಿಂದಕ್ಕೆ ಒಯ್ದರು. ಇಸಾಂಪುರದ ಕಲ್ಲಿನ ಉಪಕರಣಗಳು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯವೆಂಬ ಅಂದಾಜಿದೆ. ಟೇಲರನ ವಿವರಣೆ ಬಿದ್ದುಹೋಯಿತು. ಅವನ ಚಿತ್ರ ಬೀಳಲಿಲ್ಲ. ಕಂಡದ್ದನ್ನು ಕಂಡ ಹಾಗೆ, ಅಳತೆಯೊಂದಿಗೆ ಬರೆದಿಟ್ಟದ್ದರಿಂದ, ಅವನ ಅಭಿಪ್ರಾಯವನ್ನು ಒಪ್ಪದವರೂ ಅವನ ರೇಖೆಯನ್ನು ಬಳಸಬಹುದಾಗಿದೆ. ಬರೆದವನ ಪೂರ್ವಗ್ರಹವನ್ನು ದಾಟಿ ಉಳಿಯುವ ಗುಣ ಒಳ್ಳೆಯ ಚಿತ್ರಕ್ಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಟೇಲರನು ಗುಡ್ಡದ ಮೇಲೆ ಕುಳಿತು ಬರೆಯುತ್ತಿದ್ದ ನಾಡಿನಲ್ಲಿ ಚಿತ್ರ ಬರೆಯುವವರು ಬೇರೆ ಇರಲಿಲ್ಲವೇ ಎಂಬ ಪ್ರಶ್ನೆಯನ್ನೂ ಇಲ್ಲಿ ಕೇಳಬೇಕು. ಇದ್ದರು. ಸುರಪುರದ ನಾಯಕರ ಆಶ್ರಯದಲ್ಲಿ ಒಂದು ಚಿತ್ರಪರಂಪರೆಯೇ ಬೆಳೆದಿತ್ತು. ಇಂದು ಅದನ್ನು ಸುರಪುರ ಕಲೆ ಎನ್ನುತ್ತೇವೆ. ದೇವಾನುದೇವತೆಗಳನ್ನೂ ಅರಸರ ಒಡ್ಡೋಲಗವನ್ನೂ ಚಿನ್ನದ ರೇಕು ಕೂಡಿಸಿ, ಕೂದಲೆಳೆಯ ಕುಂಚದಿಂದ ಬರೆದ ಕಲೆ ಅದು. ಅಲ್ಲಿ ದೂರದಲ್ಲಿರುವುದು ಚಿಕ್ಕದಾಗಿ, ಹತ್ತಿರದಲ್ಲಿರುವುದು ದೊಡ್ಡದಾಗಿ ಕಾಣಬೇಕೆಂಬ ನಿಯಮವಿಲ್ಲ. ದೇವರು ಎಲ್ಲಿದ್ದರೂ ದೊಡ್ಡವನು, ಅರಸ ಎಲ್ಲಿ ನಿಂತರೂ ಅರಸ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬ ಪ್ರಶ್ನೆಯೇ ಆ ಚಿತ್ರಗಳಲ್ಲಿ ಏಳುವುದಿಲ್ಲ. ಟೇಲರನ ಚಿತ್ರದಲ್ಲಿ ಎಲ್ಲವೂ ನೋಡುವವನ ಕಾಲಿನ ಜಾಗದಿಂದಲೇ ನಿಶ್ಚಯವಾಗುತ್ತದೆ. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಎರಡು ಬಗೆಯ ಚಿತ್ರಗಳು. ಒಂದರ ಕರ್ತೃವಿನ ಜನ್ಮದಿನವೂ ನಮಗೆ ಗೊತ್ತು. ಇನ್ನೊಂದನ್ನು ಬರೆದ ಬಹುಮಂದಿಯ ಹೆಸರು ಕೂಡ ಉಳಿದಿಲ್ಲ.

ಹೆಸರಿಲ್ಲದ ಈ ಕೈಗಳು ಇಂಗ್ಲಿಷರ ಪುಸ್ತಕಗಳಲ್ಲಿಯೂ ಇವೆ. 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತು ಒಂದು ಭಾರಿ ಸಂಪುಟ ಹೊರಬಂದಿತು. ಅದರ ಇತಿಹಾಸಭಾಗವನ್ನು ಬರೆದವನು ಟೇಲರ್. ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳ ಅಳತೆಚಿತ್ರಗಳನ್ನು ಛಾಯಾಚಿತ್ರ ತೆಗೆದು ಅದರಲ್ಲಿ ಸೇರಿಸಿದ್ದಾರೆ. ಆ ಚಿತ್ರಗಳನ್ನು ಬರೆದವರು ಯಾರು? ಮುಖಪುಟದಲ್ಲಿ ಕ್ಯಾಪ್ಟನ್ ಹಾರ್ಟ್ ಎಂಬವನ ಹೆಸರಿದೆ, ಕಮಿಂಗ್ ಎಂಬ ಇಂಜಿನಿಯರನ ಹೆಸರಿದೆ, ಮುಂದೆ ‘ದೇಶೀಯ ನಕ್ಷೆಗಾರರು’ ಎಂದು ಒಂದೇ ಮಾತು. ಗುಮ್ಮಟದ ಒಂದೊಂದು ಕಮಾನಿನ ತಿರುವನ್ನೂ ಹಿಡಿದ ಆ ದೇಶೀಯರು ಎಷ್ಟು ಮಂದಿ, ಯಾವ ಊರಿನವರು ಎಂಬುದನ್ನು ಮುಖಪುಟ ಹೇಳುವುದಿಲ್ಲ. ಅದೇ ವರ್ಷ ಧಾರವಾಡ ಮತ್ತು ಮೈಸೂರಿನ ವಾಸ್ತುವನ್ನು ಕುರಿತ ಇನ್ನೊಂದು ಸಂಪುಟವೂ ಟೇಲರನ ಬರಹದೊಂದಿಗೆ ಹೊರಬಂದಿತು. ಅದರಲ್ಲಿರುವುದು ಪಿಗೂ, ನೀಲ್, ಬಿಗ್ಸ್ ಮುಂತಾದವರು ತೆಗೆದ ಛಾಯಾಚಿತ್ರಗಳು. ಪೆನ್ಸಿಲಿನ ಕಾಲ ಮುಗಿದು ಕ್ಯಾಮರಾದ ಕಾಲ ಬಂದಿತ್ತು. 1871ರಲ್ಲಿ ಯಾದಗಿರಿಯ ಮೇಲೆ ರಾಯಚೂರಿನ ವರೆಗೆ ರೈಲು ಬಂದ ಬಳಿಕ ನೋಡುವವರ ದಾರಿಯೂ ಸುಗಮವಾಯಿತು.

ಈಗ ನಾವು 1858ಕ್ಕೆ ಹಿಂದಿರುಗಬೇಕು. ಟೇಲರನ ಕಥೆಯಲ್ಲಿ ಚಿತ್ರಕ್ಕೆ ಸಿಕ್ಕದ ಭಾಗ ಅದು.

ಬಾಲಕ ವೆಂಕಟಪ್ಪ ನಾಯಕನು ಟೇಲರನ ಕಣ್ಣೆದುರಿನಲ್ಲಿ ಬೆಳೆದವನು. ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. 1853ರಲ್ಲಿ ರಾಜ್ಯವನ್ನು ತರುಣನಿಗೆ ಒಪ್ಪಿಸಿ ಟೇಲರನು ನಳದುರ್ಗದ ಕಡೆಗೆ ಹೋದನು. ನಾಲ್ಕು ವರ್ಷಗಳಲ್ಲಿ ಉತ್ತರದಲ್ಲಿ ಬಂಡಾಯವೆದ್ದಿತು. 1858ರ ಫೆಬ್ರುವರಿಯಲ್ಲಿ ಸುರಪುರದ ಬೇಡರು ಇಂಗ್ಲಿಷರ ದಂಡಿನ ಮೇಲೆ ಬಿದ್ದರು. ಕ್ಯಾಪ್ಟನ್ ನ್ಯೂಬೆರಿ ಹತನಾದನು. ಹೆಚ್ಚಿನ ಸೈನ್ಯ ಬಂದಾಗ ರಾಜನು ಊರು ಬಿಟ್ಟು ಹೈದರಾಬಾದಿಗೆ ಹೋದನು; ಅಲ್ಲಿ ಸಾಲಾರ್ ಜಂಗರ ಮೂಲಕ ರೆಸಿಡೆಂಟನ ಕೈಸೆರೆಯಾದನು. ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ಪ್ರೇರೇಪಿಸಿದವರ ಹೆಸರು ಹೇಳಿ ಜೀವ ಉಳಿಸಿಕೊಳ್ಳಲು ತರುಣನು ಒಪ್ಪಲಿಲ್ಲ. ಕಳ್ಳನಂತೆ ತೂಗುಹಾಕದೆ ತೋಪಿನ ಬಾಯಿಗೆ ಕಟ್ಟಲಿ ಎಂದು ಕೇಳಿಕೊಂಡನು. ಇದನ್ನು ಬರೆದವನು ಟೇಲರನೇ. ಕೊನೆಗೆ ಗವರ್ನರ್ ಜನರಲ್ ಶಿಕ್ಷೆಯನ್ನು ನಾಲ್ಕು ವರ್ಷದ ಸೆರೆಗೆ ಇಳಿಸಿದನು. ಚೆಂಗಲಪಟ್ಟಿಗೆ ಕರೆದೊಯ್ಯುವಾಗ, ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಹಾರಿದ ಗುಂಡಿಗೆ ವೆಂಕಟಪ್ಪ ನಾಯಕನು ಸತ್ತನು. ತಾನೇ ಹೊಡೆದುಕೊಂಡನೆಂದು ಸರಕಾರ ಹೇಳಿತು. ಸುರಪುರದ ಜನರ ಬಾಯಲ್ಲಿ ಆ ಮಾತಿನ ಬಗೆಗೆ ಅನುಮಾನ ಉಳಿದುಬಂದಿದೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣವೆಂದು ಅವನ ಜಾತಕದಲ್ಲಿ ಮೊದಲೇ ಇತ್ತೆಂದು ಟೇಲರನು ತನ್ನ ಆತ್ಮಕಥೆಯಲ್ಲಿ ವಿಸ್ತಾರವಾಗಿ ಬರೆದಿದ್ದಾನೆ. ನನಗೆ ತೋರುವಂತೆ, ತನ್ನ ಕೈಯಲ್ಲಿ ಬೆಳೆದ ಹುಡುಗನ ಸಾವಿಗೆ ತನ್ನವರ ಆಳ್ವಿಕೆಯಲ್ಲಿ ಕಾರಣ ಹುಡುಕಲು ಮನಸ್ಸು ಬಾರದವನಿಗೆ ನಕ್ಷತ್ರಗಳು ಆಸರೆಯಾದವು.

ಟೇಲರನು ಮತ್ತೆ ಸುರಪುರಕ್ಕೆ ಬಂದನು, ಈ ಸಲ ಡೆಪ್ಯುಟಿ ಕಮಿಷನರನಾಗಿ. ಅರಸನಿಲ್ಲದ ಊರನ್ನು ಎರಡು ವರ್ಷ ಆಳಿ, ದೇಹ ಸೋತು, 1860ರಲ್ಲಿ ಇಂಡಿಯಾ ಬಿಟ್ಟನು. ಅದೇ ವರ್ಷ ಸುರಪುರವನ್ನು ಇಂಗ್ಲಿಷರು ನಿಜಾಮರಿಗೆ ಬಹುಮಾನವಾಗಿ ಕೊಟ್ಟುಬಿಟ್ಟರು. ಗುಡ್ಡದ ಮೇಲಿನ ಮನೆ, ಅದರ ಕೆಳಗಿನ ಅರಮನೆ ಎರಡಕ್ಕೂ ಒಡೆಯರು ಬದಲಾದರು.

ಬರೆಯುವ ಕೈ ಅವನನ್ನು ಬಿಡಲಿಲ್ಲ. ಕಾದಂಬರಿಗಳು ಬಂದವು, 1870ರಲ್ಲಿ ಭಾರತದ ಇತಿಹಾಸದ ಕೈಪಿಡಿ ಬಂದಿತು. ಚಾಂದಬೀಬಿಯನ್ನು ಕುರಿತ ಕಡೆಯ ಕಾದಂಬರಿಯಲ್ಲಿ ಕೃಷ್ಣಾ ದಂಡೆಯ ಬೇಡರ ಬದುಕನ್ನು ಅವನು ಪ್ರೀತಿಯಿಂದ ಚಿತ್ರಿಸಿದನು. ಅದು ಪ್ರಕಟವಾದುದು ಅವನ ಮರಣಾನಂತರ, 1878ರಲ್ಲಿ. ಅಷ್ಟರಲ್ಲಿ ಅವನ ಕಣ್ಣುಗಳು ಮಂಜಾಗಿದ್ದವು. ಜೀವಮಾನವೆಲ್ಲ ನೋಡಿ ಬರೆದವನಿಗೆ ಕಡೆಗಾಲದಲ್ಲಿ ನೋಟವೇ ಹೋಯಿತು. 1875ರಲ್ಲಿ ಆ ಸ್ಥಿತಿಯಲ್ಲಿಯೇ ಹೈದರಾಬಾದಿಗೆ ಬಂದು, ಜ್ವರಬಿದ್ದು, ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್ ಎಂಬ ಕಡಲತೀರದ ಊರಿನಲ್ಲಿ ಕಣ್ಮುಚ್ಚಿದನು. ಮಗಳು ಆಲಿಸ್ ಮರುವರ್ಷ ಅವನ ಆತ್ಮಕಥೆಯನ್ನು ಪ್ರಕಟಿಸಿದಳು.

ಇಂತಹವನನ್ನು ನಾವು ಹೇಗೆ ನೆನೆಯಬೇಕು? ನಮ್ಮಲ್ಲಿ ಎರಡು ಬಗೆಯ ನೆನಪುಗಳಿವೆ. ಕೆಲವರು ಅವನನ್ನು ಕೆರೆ ಕಟ್ಟಿಸಿದ ಪುಣ್ಯವಂತನೆಂದು ಹೊಗಳುತ್ತಾರೆ. ಕೆಲವರು ಸಂಸ್ಥಾನವನ್ನು ಮುಳುಗಿಸಲು ಬಂದ ಜಾಣ ಬಿಳಿಯನೆಂದು ತೆಗೆದುಹಾಕುತ್ತಾರೆ. ಕಪಟರಾಳ ಕೃಷ್ಣರಾಯರಂತಹ ವಿದ್ವಾಂಸರು ಸುರಪುರದ ಇತಿಹಾಸವನ್ನು ಕನ್ನಡದಲ್ಲಿ ಕಟ್ಟಿಕೊಟ್ಟ ಮೇಲೆ, ನಾವು ಈ ಎರಡು ಸುಲಭದ ದಾರಿಗಳನ್ನು ಬಿಡಬಹುದಾಗಿದೆ. ಪ್ರೀತಿ ಮತ್ತು ಆಳ್ವಿಕೆ ಅವನಲ್ಲಿ ಬೆರೆತುಹೋಗಿದ್ದವು. ಪ್ರೀತಿ ನಿಜವಾಗಿದ್ದುದರಿಂದ ಆಳ್ವಿಕೆ ನ್ಯಾಯವಾಗಲಿಲ್ಲ. ಆಳ್ವಿಕೆ ಅನ್ಯಾಯವಾದುದರಿಂದ ಪ್ರೀತಿ ಸುಳ್ಳಾಗಲೂ ಇಲ್ಲ.

ಆದರೆ ನನ್ನ ಕಳವಳವಿರುವುದು ಟೇಲರನ ಬಗೆಗಲ್ಲ, ನಮ್ಮ ಬಗೆಗೆ. ಅವನು ಬರೆದ ಕಲ್ಲುಗಳಲ್ಲಿ ಎಷ್ಟು ಇಂದು ಉಳಿದಿವೆ? ದಖ್ಖನಿನ ಎಷ್ಟೋ ಕಡೆ ಇಂತಹ ಗೋರಿಗಳು ನೇಗಿಲಿಗೆ, ಕಲ್ಲುಗಣಿಗೆ, ರಸ್ತೆಯ ಜಲ್ಲಿಗೆ ಆಹುತಿಯಾಗಿವೆ. ಕಲ್ಲು ಹೋದ ಮೇಲೆ ಉಳಿಯುವುದು ಪರದೇಶದವನೊಬ್ಬ ಬರೆದ ರೇಖೆ ಮಾತ್ರ. ಆ ರೇಖೆಯನ್ನು ನೋಡಬೇಕಾದರೂ ನಾವು ಲಂಡನ್ನಿನ, ಡಬ್ಲಿನ್ನಿನ ಗ್ರಂಥಾಲಯಗಳ ಕಡೆ ಮುಖ ಮಾಡಬೇಕು. ಒಂದು ನಾಡು ತನ್ನ ಮುಖವನ್ನು ಇನ್ನೊಬ್ಬರ ಕನ್ನಡಿಯಲ್ಲಿಯೇ ನೋಡಿಕೊಳ್ಳಬೇಕಾಗಿ ಬರುವುದು ಒಳ್ಳೆಯದಲ್ಲ.

ಇದಕ್ಕೆ ಮದ್ದು ದೊಡ್ಡ ಯೋಜನೆಗಳಲ್ಲಿ ಇಲ್ಲವೆಂದು ನನ್ನ ನಂಬಿಕೆ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ನೂರಾರು ಶಾಲೆಗಳಿವೆ. ವಿಭೂತಿಹಳ್ಳಿಯ ಒಂದು ಸಾಲನ್ನು, ಯಾದಗಿರಿಯ ಕೋಟೆಯ ಒಂದು ಬಾಗಿಲನ್ನು, ಸುರಪುರದ ಅರಮನೆಯ ಒಂದು ಕಂಬವನ್ನು, ಬೇಕಾದರೆ ಟೇಲರ್ ಮಂಜಿಲಿನ ಜಗಲಿಯನ್ನು, ಮಕ್ಕಳು ಹಗ್ಗ ಹಿಡಿದು ಅಳೆದು, ಕಾಗದದ ಮೇಲೆ ಬರೆದು, ಕೆಳಗೆ ತಮ್ಮ ಹೆಸರನ್ನೂ ತಾರೀಖನ್ನೂ ಹಾಕಲಿ. ಆ ಕಲ್ಲಿನ ಬಗೆಗೆ ಊರಿನ ಹಿರಿಯರು ಹೇಳುವ ಮೋರಿಯರ ಕಥೆಯನ್ನೂ ಪಕ್ಕದಲ್ಲಿ ಬರೆದಿಡಲಿ. ಚಿತ್ರ ಸುಂದರವಾಗಬೇಕಿಲ್ಲ, ಅಳತೆ ಸರಿಯಿದ್ದರೆ ಸಾಕು. ಅಳೆದು ಬರೆದ ಹುಡುಗನು ಮುಂದೆ ಆ ಕಲ್ಲನ್ನು ಜಲ್ಲಿಯ ಯಂತ್ರಕ್ಕೆ ಕೊಡಲು ಸುಲಭವಾಗಿ ಒಪ್ಪಲಾರನು. ‘ದೇಶೀಯ ನಕ್ಷೆಗಾರರು’ ಎಂಬ ಆ ಹೆಸರಿಲ್ಲದ ಮಾತಿಗೆ ನಾವು ಕೊಡಬಹುದಾದ ಉತ್ತರವೂ ಅದೇ ಆದೀತು.